ಮಳೆಗಾಲದ ಹನ್ನೆರಡು ಪಟಗಳು

ಹಾಸನ ಸೀಮೆಯ ಮೊದಮೊದಲ ಛಾಯಾಚಿತ್ರಗಳಲ್ಲಿ ಮಳೆಗೆ ಸ್ಥಳವಿಲ್ಲ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬಾತನು ಹಳೇಬೀಡಿನ ದೇವಾಲಯದ 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅಂದಿನ ಕ್ಯಾಮೆರಾಕ್ಕೆ ಒಳ್ಳೆಯ ಬಿಸಿಲು ಬೇಕು, ಎದುರಿಗಿರುವುದು ಅಲುಗಬಾರದು. ಕಲ್ಲಿನ ದೇವತೆಗಳು ಈ ವಿಷಯದಲ್ಲಿ ಬಹು ಸಜ್ಜನರು. ಹರಿಯುವ ಹೊಳೆ, ಕಂಬಳಿಕೊಪ್ಪೆಯ ರೈತ ಪಟದೊಳಕ್ಕೆ ಬರಲು ಬಹಳ ಕಾಲ ಕಾಯಬೇಕಾಯಿತು.

‘ಪ್ರಜಾವಾಣಿ’ 1948ರಲ್ಲಿ ಹೊರಟಿತು. ಮೈಸೂರಿನ ಟಿ. ಎಸ್. ಸತ್ಯನ್ ಅವರಂಥವರಿಂದ ಪತ್ರಿಕೆಯ ಚಿತ್ರಕ್ಕೆ ಗೌರವ ಬಂದಿತು. ಜಿಲ್ಲೆಗಳಲ್ಲಿ ಆ ಕೆಲಸ ಮಾಡಿದವರಾದರೋ ಬಹುಮಟ್ಟಿಗೆ ಸ್ಟುಡಿಯೋದವರು. ಮದುವೆಯೇ ಅನ್ನ, ಪತ್ರಿಕೆ ಉಪ್ಪಿನಕಾಯಿ. ನಾನೂ ಅವರಲ್ಲೊಬ್ಬ.

ಎಂಬತ್ತರ ದಶಕದ ಒಂದು ಆಶ್ಲೇಷದ ದಿನವನ್ನು ಹೇಳುತ್ತೇನೆ. ನನ್ನ ಬಳಿ ಇದ್ದದ್ದು ಎರಡು ಕಣ್ಣಿನ ಯಾಷಿಕಾ. ಒಂದು ರೋಲಿಗೆ ಹನ್ನೆರಡೇ ಪಟ. ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾವಾದ್ದರಿಂದ ಮಳೆ ನೇರವಾಗಿ ಅದರ ಬಾಯಿಗೇ ಬೀಳುವುದು. ಕೊಡೆ ಹಿಡಿಯಲು ಒಬ್ಬ ಹುಡುಗನಿಲ್ಲದೆ ಕೆಲಸವೇ ಸಾಗದು.

ಬೆಳಿಗ್ಗೆ ಅರಕಲಗೂಡಿನ ಕಡೆ. ಅಲ್ಲಿಯದು ಬಿಡದ ಜಡಿಮಳೆ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ಎಲೆಯೆಲ್ಲ ಕರಕಲಾಗಿತ್ತು. ಗೆಡ್ಡೆ ಕಿತ್ತರೆ ಕೈಯಲ್ಲೇ ಲೊಳಕ್ಕೆಂದಿತು. ನಾಲ್ಕು ಪಟ ತೆಗೆದೆ. ಹೊಲದೊಡೆಯ ಒಂದೇ ಮಾತು ಕೇಳಿದ: “ಕೊಳೆತಿರೋದು ಪಟದಾಗೆ ಕಾಣ್ತೈತಾ ಸ್ವಾಮಿ?”

ಪ್ರಶ್ನೆ ಸಣ್ಣದಲ್ಲ. ಪತ್ರಿಕೆಯ ಬ್ಲಾಕು ಎಂದರೆ ಚುಕ್ಕೆಗಳ ಜಾಲರಿ. ಒರಟು ಕಾಗದದ ಮೇಲೆ ಮಳೆಯ ಎಳೆ ಆ ಚುಕ್ಕೆಗಳ ನಡುವೆ ಕರಗಿಹೋಗುತ್ತದೆ. ಆದ್ದರಿಂದ ನಮ್ಮವರು ಮಳೆಯನ್ನು ಬಿಟ್ಟು ಕೊಡೆಯನ್ನೂ ಗೋಣಿಕೊಪ್ಪೆಯನ್ನೂ ತೆಗೆಯುತ್ತಿದ್ದರು. ಕಪ್ಪು ಮಣ್ಣಿನ ಮೇಲೆ ಕಪ್ಪು ಎಲೆ ಇದ್ದರೆ ಅಚ್ಚಿನಲ್ಲಿ ಬರುವುದು ಬರಿಯ ಮಸಿ. ಎಲೆಯೊಂದನ್ನು ಬಿಳಿ ಪಂಚೆಯ ಮೇಲೆ ಹರಡಿಸಿ ಐದನೆಯದನ್ನು ತೆಗೆದೆ.

ಹೊಳೆನರಸೀಪುರದಲ್ಲಿ ಮಳೆ ನಿಂತಿತ್ತು, ಹೊಳೆ ಮಾತ್ರ ಕೆಂಪಗೆ ಉಕ್ಕಿತ್ತು. ಹೇಮಾವತಿ ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಸಕಲೇಶಪುರದ ನೀರನ್ನೆಲ್ಲ ಹೊತ್ತು ತರುವಳು. ಊರಿನ ಆಕಾಶ ನೋಡಿ ಹೊಳೆಯ ಅಂದಾಜು ಮಾಡುವಂತಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲಂತೂ ಪ್ರವಾಹಕ್ಕೆ ಒಂದು ಬಾಗಿಲೂ ಆಯಿತು. 2922 ಅಡಿ ತುಂಬುತ್ತಿದ್ದಂತೆ ತೂಬಿನ ಕಡೆಗೇ ಎಲ್ಲರ ಕಿವಿ. ಸೇತುವೆಯ ಮೇಲಿನ ಜನ ಹೊಳೆಗಿಂತ ಒಳ್ಳೆಯ ಚಿತ್ರ. ಮೂರು ಪಟ.

ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಚರ್ಚನ್ನು ಈಗ ಯಾರು ತಾನೆ ತೆಗೆದಿಲ್ಲ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಬಲು ಚೆಲುವು. ಅದೇ ನೀರಿಗೆ ಮನೆ ಬಿಟ್ಟುಕೊಟ್ಟವರ ಅಡುಗೆಮನೆಯ ಒಂದು ಪಟವಾದರೂ ಅಷ್ಟು ಪ್ರಸಿದ್ಧವಾಗಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಇರಲಿ.

ಚನ್ನರಾಯಪಟ್ಟಣ ತಲಪಿದಾಗ ನಾಲ್ಕು ಗಂಟೆ. ಅಲ್ಲಿ ಧೂಳು! ಒಂದೇ ಜಿಲ್ಲೆ, ಒಂದೇ ದಿನ. ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು, ತೆಂಗಿನ ಗರಿ ಜೋತುಬಿದ್ದಿದ್ದವು. ನನ್ನ ಒದ್ದೆ ಅಂಗಿ ಕಂಡು ಚಹಾದಂಗಡಿಯವರು “ಎಲ್ಲಿ ಸ್ವಾಮಿ ಮಳೆ?” ಎಂದು ಆಸೆಯಿಂದ ಕೇಳಿದರು. ಉಳಿದ ನಾಲ್ಕೂ ಅಲ್ಲಿ ಮುಗಿದವು.

ರಾತ್ರಿ ಹಾಸನದಲ್ಲಿ ಫಿಲ್ಮು ತೊಳೆದದ್ದಾಯಿತು. ತೇವದಲ್ಲಿ ಒಣಗಬೇಕಲ್ಲ! ಸ್ಪಿರಿಟ್ಟಿನಲ್ಲಿ ಅದ್ದಿ, ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ ತೂಗುಹಾಕಿದೆ. ಕರೆಂಟು ಎರಡು ಸಲ ಹೋಯಿತು. ಮೂರು ಪ್ರಿಂಟು ಲಕೋಟೆಗೆ ಸೇರಿಸಿ ಬೆಂಗಳೂರಿನ ಕೊನೆಯ ಬಸ್ಸಿನ ಕಂಡಕ್ಟರ ಕೈಗಿತ್ತೆ.

ಅಚ್ಚಾದದ್ದು ಸೇತುವೆಯ ಪಟ. ನೀರು ಸುದ್ದಿ, ಕೊಳೆತ ಗೆಡ್ಡೆ ನಿಧಾನದ ಸಾವು, ಅದಕ್ಕೆ ಮೊದಲ ಪುಟದಲ್ಲಿ ಜಾಗ ಸಿಕ್ಕುವುದಿಲ್ಲ. ಚನ್ನರಾಯಪಟ್ಟಣದ ಕೆರೆಗೂ ಸಿಕ್ಕಲಿಲ್ಲ.

ಆ ರೈತ ಸಂತೆಗೆ ಬಂದವನು ಸ್ಟುಡಿಯೋ ಹುಡುಕಿಕೊಂಡು ಬಂದ. ತಾಲ್ಲೂಕು ಕಚೇರಿಗೆ ತೋರಿಸಬೇಕಂತೆ. ಪಂಚೆಯ ಮೇಲಿನ ಎಲೆಯ ಪಟವನ್ನು ದೊಡ್ಡದು ಮಾಡಿ, ಹಿಂಬದಿಯಲ್ಲಿ ಸರ್ವೆ ನಂಬರು ಬರೆದುಕೊಟ್ಟೆ. ನೆಗೆಟಿವ್‌ಗಳಿಗೆ ಈಗ ಬೂಷ್ಟು ಹಿಡಿದಿದೆ. ಸೇತುವೆಯ ಮೂರೂ ಅಳಿಸಿವೆ. ಪಂಚೆಯ ಮೇಲಿನ ಎಲೆ ಇನ್ನೂ ಸ್ಪಷ್ಟವಾಗಿದೆ.