ಎಳೆಯರೂ ಕ್ರೀಡೆಯೂ: ದೇವಿಕೊಪ್ಪದ ಸೀಮೆಯಿಂದ ಒಂದು ಐತಿಹಾಸಿಕ ಅವಲೋಕನ

ಹಳೆಯ ಆಟಗಳನ್ನು ಬಲ್ಲವರು ಮುಪ್ಪಾಗುತ್ತಿರುವರು, ಎಳೆಯರು ಅತ್ತ ಸುಳಿಯುತ್ತಿಲ್ಲ ಎಂಬ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ತರುಣರ ಅನಾಸಕ್ತಿಯೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಇತಿಹಾಸವನ್ನು ಅಭ್ಯಸಿಸುವ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಎಳೆಯರು ಯಾವಾಗ ಕ್ರೀಡೆಯ ಕಡೆಗೆ ಬಂದರು? ಯಾವ ಆಸರೆಯಿಂದ ಅಲ್ಲಿ ನಿಂತರು? ಏಕೆ ಬಿಟ್ಟುಹೋದರು?

ಈ ವಿಚಾರಕ್ಕೆ ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದೇವಿಕೊಪ್ಪವನ್ನು ನಮ್ಮ ನೋಟದ ನೆಲೆಯನ್ನಾಗಿ ಇಟ್ಟುಕೊಂಡಿದ್ದೇವೆ. ಈ ತಾಲೂಕು ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಅಂಚಿನಲ್ಲಿದೆ. ಇದಕ್ಕೆ ಹೊಂದಿಕೊಂಡು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಿವೆ. ಬಯಲಿನ ಗರಡಿಮನೆಯ ಪರಂಪರೆಯೂ ಕಾಡಿನಂಚಿನ ಸಿದ್ದಿ ಜನರ ಬಾಳೂ ಈ ಸೀಮೆಯಲ್ಲಿ ಒಂದನ್ನೊಂದು ಸಂಧಿಸುತ್ತವೆ. ನಮ್ಮ ಪ್ರಶ್ನೆಗೆ ಎರಡೂ ಸಾಕ್ಷ್ಯ ನುಡಿಯುತ್ತವೆ.

ಮೊದಲು ಗರಡಿಯ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಲಾಗಿದೆ. ಅವರ ವ್ಯಾಯಾಮದ ಕ್ರಮವನ್ನೂ, ಅರಸನು ಅವರಿಗೆ ಒದಗಿಸಬೇಕಾದ ಆಹಾರವನ್ನೂ ಹೇಳಲಾಗಿದೆ. ಮಲ್ಲನ ಹಾಲು, ಕಾಳು, ಸಕ್ಕರೆಗಳು ರಾಜ್ಯದ ಹೊಣೆಯೆಂಬ ಭಾವನೆ ಈ ನಾಡಿನಲ್ಲಿ ಅಷ್ಟು ಹಳೆಯದು. ಈಚಿನ ಕಾಲದಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು (ಆಳ್ವಿಕೆ ೧೮೯೪–೧೯೨೨) ಇದೇ ಹೊಣೆಯನ್ನು ಹೊತ್ತರು. ಅವರ ಕಾಲದಲ್ಲಿ, ೧೯೧೨ರಲ್ಲಿ, ಖಾಸಬಾಗ ಕುಸ್ತಿ ಮೈದಾನವು ಸಿದ್ಧವಾಯಿತು.

ಆಶ್ರಯವು ತಪ್ಪಿದಾಗ ಏನಾಗುವುದೆಂಬುದಕ್ಕೆ ಅದೇ ಕೊಲ್ಹಾಪುರವು ನಿದರ್ಶನ. ಖಾಶಾಬಾ ಜಾಧವರು ೧೯೪೮ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮಹಾರಾಜರ ನೆರವಿತ್ತು. ೧೯೪೯ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೨ರಲ್ಲಿ ಅವರು ಹೆಲ್ಸಿಂಕಿಗೆ ಹೊರಟಾಗ, ಅವರು ಕಲಿತ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನು ಅಡವಿಟ್ಟು ೭,೦೦೦ ರೂಪಾಯಿ ಒದಗಿಸಬೇಕಾಯಿತು. ಜಾಧವರು ಕಂಚಿನ ಪದಕವನ್ನು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲನೆಯ ಒಲಿಂಪಿಕ್ ಪದಕವದು. ಆದರೆ ಒಬ್ಬ ಅಧ್ಯಾಪಕರ ಔದಾರ್ಯವು ಒಂದು ಪೀಳಿಗೆಯನ್ನು ಸಾಕಲಾರದು.

ಇನ್ನು ಸಿದ್ದಿಗಳ ವಿಷಯ. ಶತಮಾನಗಳ ಹಿಂದೆ ಅರಬರು ಮತ್ತು ಪೋರ್ತುಗೀಜರು ಪಶ್ಚಿಮ ಕರಾವಳಿಗೆ ತಂದ ಆಫ್ರಿಕದ ಜನರ ಸಂತತಿಯವರು ಇವರು. ೧೯೮೭ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಡಿಯಲ್ಲಿ ಸಿದ್ದಿ ಬಾಲಕ ಬಾಲಕಿಯರನ್ನು ಆಯ್ದು ವಸತಿ, ಊಟ, ಶಿಕ್ಷಣ, ತರಬೇತಿಗಳನ್ನು ಒದಗಿಸತೊಡಗಿತು. ಆಗಿನ ಕೇಂದ್ರ ಸಚಿವೆ ಮಾರ್ಗರೆಟ್ ಆಳ್ವಾ ಅವರು ಇದಕ್ಕೆ ಪ್ರೇರಕರಾಗಿದ್ದರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. ಕೆಲವರಿಗೆ ಕ್ರೀಡೆಯ ಬಲದಿಂದ ಉದ್ಯೋಗವೂ ದೊರೆಯಿತು. ಆದರೆ ೧೯೯೩ರಲ್ಲಿ ಯೋಜನೆಯು ನಿಂತುಹೋಯಿತು. ಅರ್ಧದಾರಿಯಲ್ಲಿದ್ದ ಅನೇಕರು ಊರಿಗೆ ಮರಳಿ ಹೊಲದ ಕೆಲಸವನ್ನೋ ಕೂಲಿಯನ್ನೋ ಹಿಡಿಯಬೇಕಾಯಿತು.

ಈ ಯೋಜನೆಯ ಮೂಲದಲ್ಲಿದ್ದ ಒಂದು ಕಲ್ಪನೆಯನ್ನು ಇಲ್ಲಿ ಪರೀಕ್ಷಿಸಬೇಕಾಗಿದೆ. ಆಫ್ರಿಕದ ರಕ್ತವಿರುವುದರಿಂದ ಇವರು ಸಹಜವಾಗಿಯೇ ಓಟಗಾರರಾಗುವರೆಂಬುದೇ ಆ ಕಲ್ಪನೆ. ಇದು ಗೌರವದಂತೆ ತೋರಿದರೂ ಹುಡುಗನ ಮೇಲೆ ಹೊರಿಸಿದ ಭಾರವೇ ಸರಿ. ಗೆದ್ದರೆ ಅದು ಅವನ ಕುಲದ ಗುಣವೆನ್ನುವರು. ಸೋತರೆ ಅವನ ಸೋಮಾರಿತನವೆನ್ನುವರು. ಆರು ವರ್ಷಗಳಲ್ಲಿಯೇ ಕೈಬಿಟ್ಟ ವ್ಯವಸ್ಥೆಯ ಲೋಪವು ಎರಡು ಎಣಿಕೆಗಳಲ್ಲಿಯೂ ಮರೆಯಾಗುವುದು. ೨೦೧೦ರ ದಶಕದಲ್ಲಿ ಸರಕಾರದ ಪ್ರಯತ್ನವು ಮತ್ತೆ ಚಿಗುರಿತು. ಮುಂಡಗೋಡದಲ್ಲಿ ಬ್ರಿಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆಯೂ ತರಬೇತಿಗೆ ತೊಡಗಿತು. ಆದರೆ ನಡುವಿನ ಪೀಳಿಗೆಗೆ ಆದ ನಷ್ಟವನ್ನು ಇವು ತುಂಬಲಾರವು.

ಆಸರೆಯ ಮಾತಿನಲ್ಲಿ ಜಿಲ್ಲೆಯ ಗಡಿಯೂ ಭೇದವನ್ನು ಮಾಡಿದುದುಂಟು. ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ ೨೦೨೦ರ ವರೆಗೆ ಕಾಯಬೇಕಾಯಿತು. ಒಂದೇ ಕಾಡಿನ ಎರಡು ಅಂಚುಗಳಲ್ಲಿ ಬೆಳೆದ ಇಬ್ಬರು ಮಕ್ಕಳಲ್ಲಿ ಕಲಘಟಗಿಯ ಕಡೆಯವನಿಗೆ ಪಂಗಡದ ವಿದ್ಯಾರ್ಥಿವೇತನವೂ ಉದ್ಯೋಗದ ಮೀಸಲಾತಿಯೂ ಹದಿನೇಳು ವರ್ಷ ತಡವಾದವು. ಅವರ ಓಟದಲ್ಲಿ ಅಂತರ ಕಂಡುಬಂದರೆ ಅದನ್ನು ಕಾಲುಗಳ ಬಲದಿಂದಷ್ಟೇ ಅಳೆಯುವುದು ನ್ಯಾಯವಲ್ಲ.

ಈ ನಿರ್ಣಯವು ನಮ್ಮ ಸೀಮೆಗೆ ಮಾತ್ರ ಸಲ್ಲತಕ್ಕದ್ದಲ್ಲ. ಹುಲ್ಲುಹಾಸಿನ ಮೇಲೆ ಭಾರವಾದ ಚೆಂಡುಗಳನ್ನು ಉರುಳಿಸಿ ಚಿಕ್ಕದೊಂದು ಗುರಿಚೆಂಡಿನ ಹತ್ತಿರಕ್ಕೆ ಸೇರಿಸುವ ಲಾನ್ ಬೌಲ್ಸ್ ಆಟವನ್ನು ಪರದೇಶಗಳಲ್ಲಿ ಮುದುಕರ ಆಟವೆಂದೇ ಬಹುಮಂದಿ ಬಗೆಯುವರು. ಈ ಆಟದಲ್ಲಿ ೨೦೨೨ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರು ದಕ್ಷಿಣ ಆಫ್ರಿಕವನ್ನು ೧೭–೧೦ರಿಂದ ಸೋಲಿಸಿ ಚಿನ್ನವನ್ನು ಗೆದ್ದರು. ಅವರಲ್ಲಿ ರೂಪಾ ರಾಣಿ ತಿರ್ಕಿ ಮೊದಲು ಕಬಡ್ಡಿ ಆಡುತ್ತಿದ್ದವರು; ನಯನಮೋನಿ ಸೈಕಿಯಾ ಭಾರ ಎತ್ತುತ್ತಿದ್ದವರು. ರಾಂಚಿಯಲ್ಲಿ ೨೦೧೧ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಈ ಆಟದ ಅಂಗಳವು ಸಿದ್ಧವಾಗಿತ್ತು. ಪೋಲೀಸು, ಅರಣ್ಯ, ಶಿಕ್ಷಣ, ಕ್ರೀಡಾ ಕ್ಷೇತ್ರಗಳ ವೃತ್ತಿಗಳು ಆ ನಾಲ್ವರ ಜೀವನಕ್ಕೆ ಆಧಾರವಾಗಿದ್ದವು. ಅವರ ಊರುಗಳಲ್ಲಿ ಈ ಆಟಕ್ಕೆ ಪರಂಪರೆಯೇ ಇರಲಿಲ್ಲ. ಅಂಗಳವೂ ಅನ್ನವೂ ಇದ್ದವು.

ಒಟ್ಟಿನಲ್ಲಿ, ಎಳೆಯರನ್ನು ಆಯ್ದು ತರುವುದು ಕಷ್ಟವಲ್ಲ, ಅವರನ್ನು ಉಳಿಸಿಕೊಳ್ಳುವುದು ಕಷ್ಟ ಎಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಸಂಗತಿ. ಆಡುವ ನೆಲ, ಕಲಿಸುವ ಗುರು, ಹೊಟ್ಟೆಗೆ ಅನ್ನ, ಮುಂದಿನ ಜೀವನಕ್ಕೊಂದು ದಾರಿ — ಇವು ನಾಲ್ಕೂ ಒಂದು ಮಗುವಿನ ಶಾಲಾಜೀವನ ಮುಗಿಯುವವರೆಗಾದರೂ ಕಡಿಯದೆ ನಡೆಯಬೇಕು. ಸೋಮೇಶ್ವರನ ಕಾಲಕ್ಕೆ ನಮ್ಮಲ್ಲಿ ಗ್ರಂಥವಿದೆ. ೧೯೯೩ರಲ್ಲಿ ಊರಿಗೆ ಮರಳಿದವರ ಕಾಲಕ್ಕೆ ಅವರ ನೆನಪೇ ಗ್ರಂಥ. ಅವರಿನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಬರೆದಿಡುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ಕೈಹಾಕುವರೆಂದು ಆಶಿಸುತ್ತೇವೆ.