ಪುಟ್ಟ ಡಿಜಿಟಲ್ ಕ್ಯಾಮರಾದಲ್ಲಿ ಒಳ್ಳೆಯ ಫ್ಲ್ಯಾಶ್ ಫೋಟೋ ತೆಗೆಯುವುದು ಹೇಗೆ?

ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮ ಮುಗಿದ ಮೇಲೆ ಊರಿನಲ್ಲಿರುವ ಅಜ್ಜ-ಅಜ್ಜಿಗೆ ಕಳಿಸಲು ಫೋಟೋ ಹುಡುಕುತ್ತೇವೆ. ಸಿಗುವುದು ಹೆಚ್ಚಾಗಿ ಎರಡೇ ಬಗೆ: ಸುಣ್ಣ ಬಳಿದಂತೆ ಬೆಳ್ಳಗಾದ ಮುಖಗಳು, ಇಲ್ಲವೇ ಕತ್ತಲಲ್ಲಿ ಮುಳುಗಿದ ವೇದಿಕೆ. ಮಗುವಿನ ಮೊದಲ ನೃತ್ಯವನ್ನು ಮತ್ತೆ ಮಾಡಿಸಲಾಗದು. ಕಪಾಟಿನಲ್ಲಿದ್ದ ಪುಟ್ಟ ಕ್ಯಾಮರಾಗಳನ್ನು ಮಕ್ಕಳು ಈಗ ಮತ್ತೆ ಹೊರತೆಗೆಯುತ್ತಿದ್ದಾರೆ. ಅವುಗಳ ಫ್ಲ್ಯಾಶ್ ಬಳಸುವ ಬಗೆಯನ್ನು ಇಲ್ಲಿ ಕೊಟ್ಟಿದ್ದೇವೆ.

ಫ್ಲ್ಯಾಶ್ ಎಷ್ಟು ದೂರ ತಲುಪುತ್ತದೆ?

ದೂರ ಎರಡರಷ್ಟಾದರೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಪುಟ್ಟ ಕ್ಯಾಮರಾದ ಫ್ಲ್ಯಾಶ್ ಸಾಮಾನ್ಯವಾಗಿ 3-4 ಮೀಟರ್ ಮಾತ್ರ ತಲುಪುತ್ತದೆ. ಜೂಮ್ ಮಾಡಿದರೆ ಲೆನ್ಸ್ ಒಳಗೆ ಬರುವ ಬೆಳಕು ಕಡಿಮೆಯಾಗಿ ಈ ದೂರ ಇನ್ನೂ ಕುಗ್ಗುತ್ತದೆ. ಐಎಸ್‌ಓ 100ರಿಂದ 400ಕ್ಕೆ ಏರಿಸಿದರೆ ದೂರ ಎರಡರಷ್ಟಾಗುತ್ತದೆ.

ಆದ್ದರಿಂದ ನಿಯಮ ಒಂದೇ: 2-3 ಮೀಟರ್ ಒಳಗಿದ್ದರೆ ಫ್ಲ್ಯಾಶ್, ಅದಕ್ಕಿಂತ ದೂರವಿದ್ದರೆ ಇರುವ ಬೆಳಕು.

ವೇದಿಕೆಯ ಕಾರ್ಯಕ್ರಮ

ಹತ್ತನೇ ಸಾಲಿನಿಂದ ಹೊಡೆದ ಫ್ಲ್ಯಾಶ್ ಮುಂದೆ ಕುಳಿತವರ ತಲೆಗಳನ್ನು ಬೆಳಗುತ್ತದೆ, ಮಕ್ಕಳನ್ನಲ್ಲ. ಮಿಂಚಿನ ಗುರುತಿನ ಗುಂಡಿ ಒತ್ತಿ ಫ್ಲ್ಯಾಶ್ ಆಫ್ ಮಾಡಿ. ಐಎಸ್‌ಓ 800 ಇಡಿ. ಹಿನ್ನೆಲೆ ಕಪ್ಪಾಗಿದ್ದು ಮುಖಗಳು ತೀರಾ ಬೆಳ್ಳಗೆ ಬಂದರೆ ಎಕ್ಸ್‌ಪೋಶರ್ ಅನ್ನು ಒಂದೆರಡು ಮೆಟ್ಟಿಲು ಮೈನಸ್ ಕಡೆಗೆ ಇಳಿಸಿ. ಕುಣಿಯುವ ಮಗು ಒಂದು ಭಂಗಿಯಲ್ಲಿ ನಿಲ್ಲುವ ಕ್ಷಣಕ್ಕೆ ಕಾಯಿರಿ. ಚಿತ್ರ ಸ್ವಲ್ಪ ಕಾಳುಕಾಳಾಗಿ ಬಂದರೂ ಮುಖ ಕಾಣುತ್ತದೆ.

ಗುಂಪಿನ ಫೋಟೋ

ಹತ್ತಿರದವರು ಬೆಳ್ಳಗೆ, ಹಿಂದಿನವರು ಕಪ್ಪಗೆ ಬರುವುದು ದೂರದ ವ್ಯತ್ಯಾಸದಿಂದ. ಎರಡಕ್ಕಿಂತ ಹೆಚ್ಚು ಸಾಲು ಬೇಡ. ಸಾಲುಗಳು ಒಂದಕ್ಕೊಂದು ಒತ್ತಾಗಿರಲಿ, ತುದಿಯವರು ಸ್ವಲ್ಪ ಮುಂದೆ ಬರಲಿ. ಗುಂಡಿಯನ್ನು ಅರ್ಧ ಒತ್ತಿ, ಫೋಕಸ್ ಆದ ಮೇಲೆ ಪೂರ್ತಿ ಒತ್ತಿ.

ಮುಖ ತೀರಾ ಬೆಳ್ಳಗಾದರೆ

ಒಂದು ಹೆಜ್ಜೆ ಹಿಂದೆ ಸರಿಯಿರಿ. ಮೆನುವಿನಲ್ಲಿ ಫ್ಲ್ಯಾಶ್ ಬಲ ಇಳಿಸುವ ಸೌಲಭ್ಯವಿದ್ದರೆ ಬಳಸಿ, ಇಲ್ಲದಿದ್ದರೆ ಒಂದು ಪದರ ಟಿಶ್ಯೂ ಕಾಗದವನ್ನು ಫ್ಲ್ಯಾಶ್ ಮೇಲೆ ಹಿಡಿಯಿರಿ. ಲೆನ್ಸ್‌ಗೆ ಅಡ್ಡ ಬರದಿರಲಿ.

ದೀಪ, ಆರತಿ, ಗೊಂಬೆ ಹಬ್ಬ

ಸಾಮಾನ್ಯ ಫ್ಲ್ಯಾಶ್ ಹೊಡೆದರೆ ದೀಪದ ಹೊಂಬೆಳಕು ಮಾಯವಾಗುತ್ತದೆ. ಮನುಷ್ಯ ಮತ್ತು ನಕ್ಷತ್ರದ ಗುರುತಿರುವ ರಾತ್ರಿ ಮೋಡ್ ಆರಿಸಿ. ಫ್ಲ್ಯಾಶ್ ಮುಖವನ್ನು ಬೆಳಗುತ್ತದೆ, ಶಟರ್ ಹೆಚ್ಚು ಹೊತ್ತು ತೆರೆದಿದ್ದು ದೀಪಗಳೂ ಮೂಡುತ್ತವೆ. ಕ್ಯಾಮರಾವನ್ನು ಮೇಜಿನ ಮೇಲಿಡಿ, ನಿಂತವರು ಅಲುಗಾಡದಿರಲಿ. ದೇವರ ಪಟದ ಗಾಜಿಗೆ ನೇರವಾಗಿ ನಿಂತರೆ ಬಿಳಿ ಚುಕ್ಕೆ ಬೀಳುತ್ತದೆ, ಓರೆಯಾಗಿ ನಿಲ್ಲಿ.

ಕೆಂಪು ಕಣ್ಣು

ಫ್ಲ್ಯಾಶ್ ಲೆನ್ಸ್‌ಗೆ ತೀರಾ ಹತ್ತಿರವಿರುವುದರಿಂದ ಅದರ ಬೆಳಕು ಕಣ್ಣಿನ ಹಿಂಪದರಕ್ಕೆ ತಾಗಿ ಕೆಂಪಾಗಿ ಮರಳುತ್ತದೆ. ಕೋಣೆಯ ದೀಪಗಳನ್ನೆಲ್ಲ ಹಚ್ಚಿ. ಕೆಂಪು ಕಣ್ಣು ತಗ್ಗಿಸುವ ಮೋಡ್‌ನಲ್ಲಿ ಫೋಟೋ ಬೀಳುವ ಮೊದಲೇ ಒಂದು ಬೆಳಕು ಮಿನುಗುತ್ತದೆ. ಫೋಟೋ ಆಯಿತೆಂದು ಯಾರೂ ಕದಲದಂತೆ ಮೊದಲೇ ಹೇಳಿ.

ಹಗಲಿನಲ್ಲಿಯೂ ಬೇಕು

ಯುಗಾದಿ ಪಿಕ್ನಿಕ್‌ನಲ್ಲಿ ಸೂರ್ಯ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಆಗ ಫ್ಲ್ಯಾಶ್ ಅನ್ನು ಆಟೋದಿಂದ ಬದಲಿಸಿ ಆನ್ ಮಾಡಿ, ಎರಡು ಮೀಟರ್ ದೂರದಿಂದ ತೆಗೆಯಿರಿ.

ಕಾರ್ಯಕ್ರಮದ ಹಿಂದಿನ ರಾತ್ರಿ ಬ್ಯಾಟರಿ ಚಾರ್ಜ್ ಮಾಡಿ, ಮನೆಯವರನ್ನೇ ನಿಲ್ಲಿಸಿ ಒಂದು, ಎರಡು, ನಾಲ್ಕು ಮೀಟರ್ ದೂರದಿಂದ ಮೂರು ಫೋಟೋ ತೆಗೆದು ನೋಡಿ. ನಿಮ್ಮ ಕ್ಯಾಮರಾದ ಮಿತಿ ಆಗಲೇ ತಿಳಿಯುತ್ತದೆ.