ನಮ್ಮ ಹಿತ್ತಲಿನ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೋಟೆ, ಅರಮನೆ, ರಣರಂಗ, ಶಿಲಾಶಾಸನಗಳು. ಮನೆಯ ಹಿಂಬಾಗಿಲನ್ನು ತೆರೆದು ನೋಡುವ ಅಭ್ಯಾಸ ಚರಿತ್ರಕಾರರಿಗೆ ಕಡಮೆ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ವೈದ್ಯಕ್ಕಷ್ಟೇ ಅಲ್ಲ, ಇತಿಹಾಸಕ್ಕೂ ಸಲ್ಲುವಂತಿದೆ. ಆದರೆ ಅಡಿಗೆಯ ಸೊಪ್ಪಿಗೂ ಪೂಜೆಯ ಹೂವಿಗೂ ಎಡೆಕೊಟ್ಟ ಆ ನಾಲ್ಕು ಮಾರು ನೆಲದಲ್ಲಿ ದೂರದೇಶಗಳ ಕಥೆಯೊಂದು ಅಡಗಿದೆ. ಅದನ್ನು ಸಂಗ್ರಹವಾಗಿ ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಪಶ್ಚಿಮ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಪಾಕ, ವೈದ್ಯ ಇವೆಲ್ಲವೂ ಆ ಒಂದೇ ಗ್ರಂಥದಲ್ಲಿ ಸೇರಿವೆ. ನಮಗೆ ಇವು ಬೇರೆ ಬೇರೆ ಶಾಸ್ತ್ರಗಳಾಗಿ ತೋರಬಹುದು. ಹಿತ್ತಲನ್ನು ಬಲ್ಲ ಗೃಹಿಣಿಗೆ ತೋರಲಾರವು. ತುಲಸಿ ಪೂಜೆಗೂ ಬೇಕು, ಕೆಮ್ಮಿಗೂ ಬೇಕು. ಬಚ್ಚಲ ನೀರು ಹರಿಯುವೆಡೆಯಲ್ಲಿ ಬಾಳೆ, ಕೆಸು. ಅಕ್ಕಿ ತೊಳೆದ ನೀರು ಹೂಗಿಡಕ್ಕೆ. ಹುಳಿತ ಮಜ್ಜಿಗೆ ಕರಿಬೇವಿಗೆ. ಒಲೆಯ ಬೂದಿ ಸೊಪ್ಪಿನ ಪಾತಿಗೆ. ಹೀಗೆ ಮನೆಯ ಮಿಕ್ಕಿದ್ದೆಲ್ಲ ಗಿಡಕ್ಕೆ ಹೋಗಿ, ಗಿಡದ ಫಲ ಮನೆಗೆ ಮರಳುತ್ತಿತ್ತು.

ಈ ಹಿತ್ತಲಿನ ನಿವಾಸಿಗಳೆಲ್ಲರೂ ಈ ನೆಲದಲ್ಲಿಯೇ ಹುಟ್ಟಿದವರೆಂದು ಭಾವಿಸಲಾಗದು. ಕರಿಬೇವು, ತುಲಸಿಗಳು ನಮ್ಮವೇ ಸರಿ. ಕೊತ್ತಂಬರಿಯ ಮೂಲ ಪಶ್ಚಿಮ ದಿಕ್ಕಿನ ದೇಶಗಳಲ್ಲಿದೆ; ಆದರೂ ಪಾಣಿನಿಯ ವ್ಯಾಕರಣದಲ್ಲಿಯೇ 'ಕುಸ್ತುಂಬುರು' ಎಂಬ ಅದರ ಹೆಸರು ಬಂದಿರುವುದರಿಂದ, ಅದು ನಮ್ಮಲ್ಲಿಗೆ ಬಂದು ಬಹುಕಾಲವಾಯಿತೆಂದು ತಿಳಿಯುತ್ತದೆ. ಪುದೀನ ತನ್ನ ಪಾರಸಿ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಅಮೆರಿಕದಿಂದ ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿಯ ಸಾಹಸವಂತೂ ವಿಚಿತ್ರವಾದುದು. ಚಾವುಂಡರಾಯನ ಕಾಲದ ಪಾಕದಲ್ಲಿ ಖಾರವೆಂದರೆ ಮೆಣಸು, ಶುಂಠಿಗಳೇ. ಬಂದ ಅತಿಥಿ ಮೆಣಸಿನ ಹೆಸರನ್ನು ಪಡೆದುಕೊಂಡಿತು. ಮನೆಯ ಮೆಣಸಾದರೋ ತನ್ನ ಗುರುತಿಗಾಗಿ 'ಕರಿಮೆಣಸು', 'ಕಾಳುಮೆಣಸು' ಎಂಬ ವಿಶೇಷಣಗಳನ್ನು ಹೊರಬೇಕಾಯಿತು.

ಹೂಗಳ ವಿಚಾರ ಇನ್ನೂ ಸ್ವಾರಸ್ಯಕರವಾದುದು. ಆಯುಧಪೂಜೆಯ ದಿನ ಬಾಗಿಲುಬಾಗಿಲಿಗೂ ತೂಗುವ ಚೆಂಡುಹೂವಿನ ತವರು ಮೆಕ್ಸಿಕೋ ದೇಶ. ಸಂಸ್ಕೃತದ ಠೀವಿಯ ಹೆಸರನ್ನು ಹೊತ್ತ ಸುಗಂಧರಾಜನೂ ಅಲ್ಲಿಯವನೇ. ಡೇಲಿಯ, ಜೀನಿಯಗಳ ತವರೂ ಅದೇ. ಒಂದೇ ನಾಡಿನಿಂದ ಬಂದ ಈ ನಾಲ್ವರಲ್ಲಿ ಇಬ್ಬರು ನಮ್ಮ ಮನೆಯವರಾದರು. ಇನ್ನಿಬ್ಬರು ವಿದೇಶದ ಹೆಸರಿನಿಂದಲೇ ಉಳಿದರು. ಇದಕ್ಕೆ ಕಾರಣವೇನು?

ಬಂದ ಕಾಲ ಒಂದು ಕಾರಣ. 1760ರಲ್ಲಿ ಹೈದರಾಲಿಯು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅಲ್ಲಿಗೆ ಬಂದ ಜಾನ್ ಕ್ಯಾಮರನ್ನರ ಕಾಲದಲ್ಲಿ ಹೊರದೇಶದ ಸಸ್ಯಗಳು ಹೇರಳವಾಗಿ ಬಂದುವು. ನಮ್ಮ ಸೀಮೆಬದನೆಯನ್ನು ತರಿಸಿದವರೂ ಅವರೇ ಎನ್ನುತ್ತಾರೆ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಂತೆ, ಹಿಂದೆ ಹಿತ್ತಲು, ಮುಂದೆ ಹೂದೋಟ ಎಂಬ ಹೊಸ ಬಗೆಯ ಮನೆ ರೂಢಿಗೆ ಬಂತು. ಡೇಲಿಯ ನೆಲಸಿದ್ದು ಮುಂದಿನ ತೋಟದಲ್ಲಿ.

ಆದರೆ ಮುಖ್ಯ ಕಾರಣ ಬಳಕೆಯೆಂದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೂವನ್ನು ಬಿಡಿಸುತ್ತಿದ್ದರೇ ಹೊರತು, ಉದ್ದವಾದ ಕಾಂಡದೊಡನೆ ಕತ್ತರಿಸಿ ಹೂದಾನಿಯಲ್ಲಿ ನಿಲ್ಲಿಸುವ ಪದ್ಧತಿ ಮನೆಮಾತಾಗಿರಲಿಲ್ಲ. ದೇವರ ತಲೆಗೂ ಹೆಣ್ಣಿನ ಮುಡಿಗೂ ಬೇಕಾದದ್ದು ದಾರಕ್ಕೆ ಒಗ್ಗುವ ಹೂ. ಚೆಂಡುಹೂ ದಾರಕ್ಕೆ ಒಗ್ಗಿತು, ಬೇಗ ಬಾಡಲಿಲ್ಲ. ಸುಗಂಧರಾಜದ ಪರಿಮಳಕ್ಕೆ ಬೇರೆ ಶಿಫಾರಸು ಬೇಕಾಗಲಿಲ್ಲ. ಅಗಲವಾದ, ಗಂಧವಿಲ್ಲದ ಡೇಲಿಯ ಹೂದಾನಿಗೆ ಭೂಷಣವಾಯಿತೇ ವಿನಾ ಮಾಲೆಗೆ ಒದಗಲಿಲ್ಲ. ಯಾರು ನಮ್ಮವರು, ಯಾರು ಅತಿಥಿಗಳು ಎಂಬುದನ್ನು ನಿರ್ಣಯಿಸಿದವರು ದೊರೆಗಳಲ್ಲ, ಪಂಡಿತರಲ್ಲ. ಬೆಳಗಿನ ಹೊತ್ತು ಬುಟ್ಟಿ ಹಿಡಿದು ಹಿತ್ತಲಿಗೆ ಹೋದ ಹೆಂಗಸರು. ಹುಟ್ಟಿದ ಊರನ್ನು ಅವರು ಕೇಳಲಿಲ್ಲ. ಮನೆಗೆ ಒದಗುವುದೇ ಎಂದಷ್ಟೇ ನೋಡಿದರು.

ಇಂದು ನಗರದಲ್ಲಿ ಹಿತ್ತಲೆಂಬುದು ಕುಂಡಗಳ ಸಾಲಾಗಿ ಕುಗ್ಗಿದೆ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ನೆಲ ಹೋದುದಕ್ಕಿಂತ ಆ ವಿವೇಚನೆ ಮರೆಯಾಗುವುದು ದೊಡ್ಡ ನಷ್ಟ. ದೇಶೀಯವಾವುದು, ಪರಕೀಯವಾವುದು ಎಂದು ನಾವು ಸಭೆಗಳಲ್ಲಿ ವಾದಿಸುತ್ತಿರುವಾಗ, ಮೆಕ್ಸಿಕೋದ ಹೂವು ದೇವರ ಕೊರಳಲ್ಲಿದೆ, ಅಮೆರಿಕದ ಖಾರ ನಮ್ಮ ಸಾರಿನಲ್ಲಿದೆ. ಒಂದು ಕುಂಡ ಮಣ್ಣಿಗೆ ಎಡೆಯಿದ್ದರೂ ಸಾಕು: ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲನೆ ಉಜ್ಜಿ ಬಿತ್ತಬಹುದು. ಪಾಣಿನಿ ಬಲ್ಲ ಸಸ್ಯ ಕೆಲವೇ ದಿನಗಳಲ್ಲಿ ನಮ್ಮ ಕಿಟಕಿಯಲ್ಲಿ ಚಿಗುರುತ್ತದೆ.